ಮಗಳಿಗೂ ಕಲಿಸದ ಡಿಸೈನು

...ಅಥವಾ ಆ ನೇಕಾರ ಮುದುಕಿ ಅಂಗಡಿಯಲ್ಲಿ ನಿಂತು ಮಾತಾಡಿರಲೇ ಇಲ್ಲವೇನೋ. ಈ ಸಂಗತಿಯನ್ನು ನಾಲ್ಕಾರು ಸಲ ಹೇಳಿದ್ದೇನೆ. ಪ್ರತಿ ಸಲವೂ ಅಂಗಡಿಯ ಮಾಲಕರು ಒಂದಿಷ್ಟು ಹೆಚ್ಚು ಮೂರ್ಖರಾಗುತ್ತಾರೆ, ನಾನು ಅವರಿಂದ ಒಂದಿಷ್ಟು ಹೆಚ್ಚು ದೂರ ನಿಂತಿರುತ್ತೇನೆ. ದೂರ ನಿಂತಿದ್ದೆ ಎನ್ನುವುದು ಸುಳ್ಳು. ಫೋಟೋ ತೆಗೆದ ಫೋನು ನನ್ನ ಕೈಯಲ್ಲೇ ಇತ್ತು.

ನವಲಗುಂದದಲ್ಲಿ ಜಮಖಾನೆ ನೇಯಿಸಿ ಮಾರುವವರೊಬ್ಬರ ಅಂಗಡಿಯಲ್ಲಿ ಆಗ ನಾನು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಉದ್ಯಮ ನಡೆಸುವವರು ಕೃತಕ ಬುದ್ಧಿಮತ್ತೆಯನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆ ಎಂದು ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಎರಡು ದಿನ ಕಲಿಸಿದರಂತೆ. ಮಾಲಕರು ಕಲಿತು ಬಂದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದರು. ಜವಾಬ್ದಾರಿಯ ನಿಯಮಗಳೂ ಬೇಕಲ್ಲ? ಅವನ್ನೂ ಯಂತ್ರದಿಂದಲೇ ಬರೆಸಿದರು. ‘ನೇಕಾರರ ಜ್ಞಾನವನ್ನು ಗೌರವಿಸುತ್ತೇವೆ’ ಎಂದು ಅದು ಬರೆಯಿತು. ಓದಿ ಮಾಲಕರ ಕಣ್ಣು ತುಂಬಿ ಬಂತು.

ಮರುದಿನದಿಂದ ಗೌರವಿಸುವ ಕೆಲಸ ಶುರುವಾಯಿತು. ಅಂದರೆ ನಾನು ಮನೆಮನೆಗೆ ಹೋಗಿ ಮಗ್ಗದ ಮೇಲಿನ ಜಮಖಾನೆಗಳ ಫೋಟೋ ತೆಗೆದು ಯಂತ್ರಕ್ಕೆ ಉಣಿಸುವುದು, ಅದು ಹೊಸ ಡಿಸೈನು ಹಡೆಯುವುದು. ಆ ಮನೆಗಳಲ್ಲಿ ನೇಯುವವರು ಹೆಂಗಸರು. ಕೆಲಸವನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಕೊಟ್ಟ ಮನೆಗೆ ಮಗಳ ಹಿಂದೆ ಡಿಸೈನೂ ಹೋದೀತೆಂಬ ಭಯ. ಇದು ಊರಿಗೇ ಗೊತ್ತು, ಮಾಲಕರಿಗೂ ಗೊತ್ತಿತ್ತು.

ಪಗಡೆಹಾಸಿನ ಜಮಖಾನೆ ನೇಯುವ ಆ ಮುದುಕಿಯ ಮನೆಯಲ್ಲಿ ಅಂಚು, ಮೂಲೆ, ಹಿಂಬದಿ ಯಾವುದನ್ನೂ ಬಿಡಲಿಲ್ಲ. ಒಪ್ಪಿಗೆ ಇದೆಯೇ ಎಂದು ಫೋನು ಕೇಳಿತು. ಅವಳನ್ನು ಕೇಳದೆ ನಾನೇ ‘ಹೌದು’ ಒತ್ತಿದೆ.

ಚಹಾ ಆರುವುದರೊಳಗೆ ಯಂತ್ರದ ಪಗಡೆ ಬಂತು. ಒಂದೊಂದು ಸಾಲಿನಲ್ಲಿ ಎಂಟರ ಬದಲು ಒಂಬತ್ತು ಚೌಕ. ಯಾರೂ ಆಡಲಾಗದ ಪಗಡೆ. ಮಾಲಕರು ಅದಕ್ಕೆ ಹೊಸತನ ಎಂದರು, ಕಾಗದಕ್ಕೆ ಇಳಿಸಿ, ಇದರಂತೆಯೇ ನೇಯಬೇಕೆಂದು ಮುದುಕಿಗೆ ಹೇಳಿ ಕಳಿಸಿದರು.

ಅವಳು ಆ ಕಾಗದ ಹಿಡಿದು ಅಂಗಡಿಗೇ ಬಂದಳು. ಚೌಕಗಳ ಮೇಲೆ ಬೆರಳಿಟ್ಟು ಎಣಿಸಿದಳು. ಹೆಚ್ಚಿದ್ದ ಒಂಬತ್ತನೆಯ ಚೌಕವನ್ನೂ ದಾಟಿ ಮುಂದೆ ಹೋದಳು. ಅಂಚಿಗೆ ಬಂದಾಗ ಬೆರಳು ನಿಂತಿತು. ಅದು ಅವಳ ಮನೆತನದ ಅಂಚಿನ ಡಿಸೈನು. ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಿದ್ದಕ್ಕೆ ಮಾಲಕರು ಗೋಡೆಯ ಪ್ರಮಾಣಪತ್ರ ತೋರಿಸಿದರು.

“ನನ್ನ ಹೊಟ್ಯಾಗ ಹುಟ್ಟಿದಾಕಿಗೆ ಕಲಿಸಿಲ್ರಿ ಮಾಲಕರ,” ಅಂದಳು. “ಅಳಕೋಂತ ಗಂಡನ ಮನಿಗಿ ಹೋದ್ಲು ಆಕಿ. ನೀವು ಇದನ್ನ ಯಾರಿಗಿ ಕೊಟ್ಟು ಬಂದ್ರಿ?”

“ಯಾರಿಗೂ ಅಲ್ಲಬೇ. ಕಂಪ್ಯೂಟರಿಗಿ.”

“ಅದು ಎಲ್ಲಿರತೈತ್ರಿ?”

ಮಾಲಕರು ನನ್ನ ಕಡೆ ನೋಡಿದರು. ಉತ್ತರ ಗೊತ್ತಿಲ್ಲದಾಗ ಕೈಕೆಳಗಿನವರ ಕಡೆ ನೋಡುವ ಪಾಠವನ್ನೂ ಹುಬ್ಬಳ್ಳಿಯಲ್ಲೇ ಹೇಳಿಕೊಟ್ಟಿರಬೇಕು. ನಾನು ಫೋನಿನಲ್ಲಿದ್ದ ಫೋಟೋಗಳನ್ನು ಅವಳೆದುರೇ ಅಳಿಸಿ, ಹೋದವು ಎಂದೆ. ನಂಬಿದಳೋ, ನಮ್ಮ ಮುಖ ನೋಡಿದ್ದೇ ಸಾಕೆನಿಸಿತೋ, ಎದ್ದು ಹೋದಳು. ಎದ್ದು ಹೋದಳೆಂದರೆ ನಿಂತು ಮಾತಾಡಿರಲಿಲ್ಲ, ಕೂತಿದ್ದಳು.

ಆಮೇಲೆ ಅವಳ ಮಗ್ಗದಿಂದ ನಮ್ಮಲ್ಲಿಗೆ ಒಂದೂ ಜಮಖಾನೆ ಬರಲಿಲ್ಲ. ಪ್ರಮಾಣಪತ್ರ ಮಾತ್ರ ಇನ್ನೂ ಗೋಡೆಯ ಮೇಲಿದೆ. ಮುದುಕಿ ತನ್ನ ಮಗಳಿಗೆ ಕೊನೆಗಾದರೂ ಕಲಿಸಿದಳೋ ಇಲ್ಲವೋ ತಿಳಿಯದು. ಯಂತ್ರ ನುಂಗಿದ ಆ ಅಂಚು ಈಗ ಎಲ್ಲಿದೆ, ಯಾರ ಕೈಯಲ್ಲಿದೆ, ಅದೂ ನನಗೆ ಗೊತ್ತಿಲ್ಲ.