ಬಾವಿ ಉಸಿರು ಬಿಡುವ ಹೊತ್ತು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಬಾವಿಗೆ ಇಳಿದ ಹೊತ್ತು, ಹತ್ತಿದ ಹೊತ್ತು ಬರೆದಿಡುವುದು ನನ್ನ ಕೆಲಸ. ಅದಕ್ಕೇ ನಿಮಿಷವೂ ನೆನಪಿದೆ.

ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಅಂತರ್ಜಲ ಸಮೀಕ್ಷೆಯಲ್ಲಿ ಸಹಾಯಕನಾಗಿದ್ದೆ. ದೇವರಾಯಸಮುದ್ರದ ಹತ್ತಿರ ಬತ್ತಿದ ಬಾವಿಯೊಂದರ ತಳ ನೋಡಲು ನಮ್ಮ ವಿಜ್ಞಾನಿ ಇಳಿಯಹೊರಟಾಗ, ಬಾವಿ ತೋಡುತ್ತಲೇ ತಲೆ ನರೆತಿದ್ದ ತಾತ ಅಡ್ಡ ನಿಂತ.

“ವದ್ದು ಸಾರ್, ಬೇಡ. ಮೋಡ ಕಟ್ಕೊಂಡೈತೆ. ಇಂಥಾ ಹೊತ್ನಲ್ಲಿ ಬಾವಿ ಉಸ್ರು ಬಿಡ್ತೈತೆ.”

“ಬೆಳಿಗ್ಗೆ ಲಾಟೀನು ಇಳಿಸಿದಾಗ ಚೆನ್ನಾಗೇ ಉರೀತಲ್ಲಪ್ಪಾ. ಉಸಿರು ಬಿಡೋಕೆ ಬಾವಿಗೇನು ಮೂಗಿದೆಯಾ?” ಎಂದರು ವಿಜ್ಞಾನಿ.

ನಾನೂ ನಕ್ಕೆ.

“ನಗ್ರಿ ಸಾರ್. ಸೊಂಟಕ್ಕೆ ಹಗ್ಗ ಕಟ್ಕೊಂಡು ನಗ್ರಿ.”

ಅವನ ಸಮಾಧಾನಕ್ಕೆಂದು ಕಟ್ಟಿಸಿಕೊಂಡು, ಇನ್ನೊಂದು ತುದಿ ನನ್ನ ಕೈಗಿತ್ತು ವಿಜ್ಞಾನಿ ಇಳಿದರು.

ಹಗ್ಗ ಸಡಿಲವಾದಾಗ ಬಗ್ಗಿ ನೋಡಿದರೆ, ತಳದಲ್ಲಿ ಕುಸಿದು ಬಿದ್ದಿದ್ದರು. ಯೋಚಿಸದೆ ಮೆಟ್ಟಿಲಿಗೆ ಕಾಲಿಟ್ಟೆ. ತಾತ ಕಾಲರ್ ಹಿಡಿದು ಹಿಂದಕ್ಕೆಳೆದ.

“ಏನ್ಲಾ ಓದಿದೋನೇ, ನೀನೂ ಇಳಿದ್ರೆ ಎರಡು ಹೆಣ ಕಣೋ! ಹಗ್ಗ ಎಳಿ!”

ಇಬ್ಬರೂ ಎಳೆದೆವು. ಅವರ ತಲೆ ಕಲ್ಲಿಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಮೇಲೆ ತಂದು ಮಲಗಿಸಿದ ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದರು.

ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಕೈಯಲ್ಲಿ ಹಗ್ಗ ಸಡಿಲವಾದಂತಾಗಿ ಎಚ್ಚರವಾಗುತ್ತಿತ್ತು. ವಿಜ್ಞಾನಿ ಮಾತ್ರ ತಲೆಗೆ ಬ್ಯಾಂಡೇಜು ಸುತ್ತಿಕೊಂಡೇ ಗಾಳಿಯ ಒತ್ತಡ ಅಳೆಯುವ ಮಾಪಕದೊಂದಿಗೆ ಅದೇ ಬಾವಿಗೆ ಮರಳಿದರು. ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಗಟ್ಟಲೆ ಲಾಟೀನು ಇಳಿಸಿದರು. ಮೋಡ ಮುಚ್ಚಿ ಒತ್ತಡ ಇಳಿದಾಗಲೆಲ್ಲ ಬಂಡೆಯ ಬಿರುಕುಗಳಿಂದ ಕೆಟ್ಟ ಗಾಳಿ ಹೊರಬಂದು, ದೀಪ ತಳ ಮುಟ್ಟುವ ಮೊದಲೇ ಆರುತ್ತಿತ್ತು.

ಕೋಲಾರದ ಸಭೆಯಲ್ಲಿ ಹಿರಿಯ ಅಧಿಕಾರಿ ಮುಖ ಸಿಂಡರಿಸಿದರು. “ಬಾವಿ ತೋಡೋನ ಮಾತನ್ನ ವರದಿಯಲ್ಲಿ ಹಾಕ್ತೀರೇನ್ರೀ?”

“ಹಾಕ್ತೀನಿ ಸಾರ್. ಕೇಳಿದ್ದಿದ್ರೆ ನನ್ನ ತಲೆಗೆ ಹೊಲಿಗೆ ಬೀಳ್ತಿರಲಿಲ್ಲ. ಸೋಮವಾರ ಶ್ರೀನಿವಾಸಪುರದ ಬಾವಿಗೆ ನಮ್ಮ ಇನ್ನೊಂದು ತಂಡದವರು ಇಳೀತಾರೆ. ಅವರ ಸೊಂಟದಲ್ಲಿ ಹಗ್ಗ ಇರುತ್ತಾ? ಅದಕ್ಕೆ ಮೊದಲು ಒಂದ್ಸಲ ನಮ್ಮ ಬಾವಿಗೆ ಬಂದು ನೋಡಿ.”

ಮಾರನೇ ದಿನವೇ ಅಧಿಕಾರಿ ದೇವರಾಯಸಮುದ್ರದ ಬಾವಿಗೆ ಬಂದರು. ಅಂದು ಮೋಡವಿತ್ತು. ದೀಪ ಆರಿತು. ನಂಬದೆ ತಾವೇ ಹಚ್ಚಿ, ತಾವೇ ಇಳಿಸಿದರು. ಮೂರು ಸಲವೂ ಆರಿತು. ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಆದೇಶ ಬರೆದರು: ಮೋಡವಿದ್ದರೆ ಇಳಿಯಬಾರದು, ಇಳಿಯುವ ಪ್ರತಿ ಸಲವೂ ಆ ಹೊತ್ತಿಗೇ ದೀಪ ಇಳಿಸಿ ನೋಡಬೇಕು, ಹಗ್ಗವಿಲ್ಲದೆ ಯಾರೂ ಇಳಿಯಕೂಡದು.

“ಬಾವಿಗೆ ಮೂಗು ಬಂತಾ ಸಾರ್?” ಎಂದ ತಾತ. ನಮ್ಮ ವಿಜ್ಞಾನಿ ನಗುತ್ತಲೇ ಅವನಿಗೆ ಕೈಮುಗಿದರು.

ಸೋಮವಾರ ಶ್ರೀನಿವಾಸಪುರದಲ್ಲೂ ಮೋಡ. ನಮ್ಮವರು ಬಾವಿಗೆ ಇಳಿಯದೆ, ಕಟ್ಟೆಯ ಮೇಲೆ ಕಡಲೆಕಾಯಿ ತಿಂದು ವಾಪಸಾದರು. ಸುದ್ದಿ ತಿಳಿದು ಅಂದು ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಬಿಸಿಲು ಮುಖಕ್ಕೆ ಬಿದ್ದಿತ್ತು.