ಚಪ್ಪಾಳೆಯ ನಂತರ

ಹಳೆಯ ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಒಂದು ವಾಸನೆ ಬರುತ್ತದೆ, ನಿಮಗೂ ನೆನಪಿರಬಹುದು. ಪ್ಲಾಸ್ಟಿಕ್ಕು, ಬೂಷ್ಟು, ಕಪಾಟಿನ ನುಸಿಗುಳಿಗೆ ಎಲ್ಲ ಸೇರಿದ ವಾಸನೆ. ಮೊನ್ನೆ ಮೆಲ್ಕಾರಿನ ನನ್ನ ಮನೆಯಲ್ಲಿ ಚಾರ್ಜರ್ ಹುಡುಕುತ್ತ ಮೇಜಿನ ಕೆಳಗಿನ ಖಾನೆ ಎಳೆದಾಗ ಅದು ಮೂಗಿಗೆ ಬಡಿಯಿತು. ಚಾರ್ಜರ್ ಬೇಕಾಗಿದ್ದದ್ದು ಘನಕಾರ್ಯಕ್ಕೇನೂ ಅಲ್ಲ. ಫೋನಿನಲ್ಲಿ ಒಂದು ಜಗಳ ನಡೆಯುತ್ತಿತ್ತು. ನಾನು ಗೆಲ್ಲುವ ಹಂತದಲ್ಲಿದ್ದೆ, ಬ್ಯಾಟರಿ ಮುಗಿಯುವ ಹಂತದಲ್ಲಿತ್ತು.

ಜಗಳ ಯಾವುದೆಂದು ಆಮೇಲೆ ಹೇಳುತ್ತೇನೆ. ಮೊದಲು ಕ್ಯಾಸೆಟ್ಟು. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಮೂಡುಬಿದಿರೆ’ ಎಂದಷ್ಟೇ ಬರೆದಿದೆ. ಒಳಗಿನ ಸುರುಳಿಯ ಪದರುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ. ಅದರಲ್ಲಿ ಏನು ಮಾತಿತ್ತು ಎಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕಂಪ್ಯೂಟರ್ ಹುಚ್ಚಿನವರದ್ದೊಂದು ಗುಂಪು ಫೋನಿನಲ್ಲಿದೆ. ನಾನು ಅದಕ್ಕೆ ಸೇರಿ ಬಹಳ ವರ್ಷವಾಯಿತು. ಕಾಲೇಜಿನಲ್ಲಿ ದಿನವಿಡೀ ಪಾಠ ಮಾಡುವವನಿಗೆ ಮನೆಗೆ ಬಂದ ಮೇಲೂ ಯಾರಿಗಾದರೂ ಪಾಠ ಹೇಳದಿದ್ದರೆ ಊಟ ಸೇರುವುದಿಲ್ಲವೋ ಏನೋ. ಅಲ್ಲಿ ಯಾವ ವಿಷಯಕ್ಕೂ ಎರಡು ಬಣ. ಯಾವ ಫೋನು ಒಳ್ಳೆಯದು ಎಂದು ಯಾರೋ ಅಮಾಯಕರು ಬೆಳಗ್ಗೆ ಕೇಳಿದರೆ, ಸಂಜೆಯೊಳಗೆ ಒಬ್ಬರು ಇನ್ನೊಬ್ಬರ ವಿದ್ಯಾಭ್ಯಾಸವನ್ನೇ ಸಂದೇಹಿಸಿರುತ್ತಾರೆ. ಕೇಳಿದವರು ಅಷ್ಟರಲ್ಲಿ ಪೇಟೆಗೆ ಹೋಗಿ ಸಿಕ್ಕಿದ್ದನ್ನು ಕೊಂಡು ತಂದಿರುತ್ತಾರೆ.

ಈ ಗುಂಪಿಗೆ ಸುಮತಿ ಅಕ್ಕನನ್ನು ಸೇರಿಸಿದವನು ನಾನೇ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿದ್ದು ನಿವೃತ್ತರಾದವರು, ಊರು ಅಳದಂಗಡಿ. ಅವರ ತಂದೆ ನೇಮಿರಾಜರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಬರಿಯ ಮಾತಿನಿಂದ ಪುರಾಣವನ್ನು ಕಟ್ಟುವ ಆಟ ಅದು. ಬರೆದಿಟ್ಟ ಮಾತಿಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲಿ ಉತ್ತರ ಹುಟ್ಟಬೇಕು. ನೇಮಿರಾಜರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಉಳಿದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ ಕೆಲವು ಕ್ಯಾಸೆಟ್ಟುಗಳು.

“ನನ್ನ ಕಿವಿ ನಿಧಾನಕ್ಕೆ ಹೋಗ್ತಾ ಉಂಟು ಮಾರಾಯ್ರೆ,” ಎಂದು ಅಕ್ಕ ಒಮ್ಮೆ ಹೇಳಿದರು, ಚಪ್ಪಲಿ ಸವೆಯುತ್ತಿದೆ ಎನ್ನುವ ಧಾಟಿಯಲ್ಲಿ. “ಡಾಕ್ಟ್ರು ನಿಲ್ಲಿಸ್ಲಿಕ್ಕೆ ಆಗುದಿಲ್ಲ ಹೇಳಿದ್ದಾರೆ. ಪೂರ್ತಿ ಹೋಗುವ ಮೊದಲು ಅಪ್ಪನನ್ನು ಒಮ್ಮೆ ಕೇಳ್ಬೇಕು. ಕಂಪ್ಯೂಟರಿಗೆ ಹಾಕಿ ಕೊಡ್ತೀರಾ?”

ಹಾಕಿ ಕೊಡಬಹುದಿತ್ತು. ನಾನು ಅದನ್ನು ಗುಂಪಿನಲ್ಲಿ ಚರ್ಚೆಗೆ ಇಟ್ಟೆ.

ಮೂಡುಬಿದಿರೆಯ ವಲೇರಿಯನ್ ಕೂಡಲೇ ಎದ್ದ. ಗಲ್ಫಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ಊರಿಗೆ ಮರಳಿದವನು. ಮನೆಯಲ್ಲಿ ಒಳ್ಳೆಯ ಯಂತ್ರಗಳಿದ್ದವು, ಅವುಗಳಿಗಿಂತ ದೊಡ್ಡ ಅಭಿಪ್ರಾಯಗಳಿದ್ದವು. ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಬರಬೇಕು, ಒಂದು ಸದ್ದನ್ನೂ ಮುಟ್ಟಬಾರದು ಎಂಬುದು ಅವನ ಮತ. ಕಂಪ್ಯೂಟರಿನಲ್ಲಿ ಗದ್ದಲ ತೆಗೆದು, ಖಾಲಿ ಜಾಗ ಕತ್ತರಿಸಿ, ಮಾತನ್ನು ಶುದ್ಧ ಮಾಡಿ ಕೊಡಬೇಕು ಎಂಬುದು ನನ್ನ ಮತ. ಮತ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ‘ಧ್ವನಿ ತೊಳೆಯುವವ ಹೆಣ ತೊಳೆಯುವವ’ ಎಂದು ಅವನು ಬರೆದ. ‘ಕಸವನ್ನು ಪ್ರಸಾದ ಎನ್ನುವವರ ಕಿವಿಗೆ ಮೊದಲು ಚಿಕಿತ್ಸೆ ಆಗಲಿ’ ಎಂದು ನಾನು ಬರೆದೆ. ಅದರ ಕೆಳಗೆ ಸುಮತಿ ಅಕ್ಕನ ಸಾಲು ಬಂತು: ‘ಕಿವಿಯ ಚಿಕಿತ್ಸೆ ನಾನು ಮಾಡಿಸ್ತಾ ಇದ್ದೇನೆ. ನೀವು ಕ್ಯಾಸೆಟ್ ನೋಡಿ.’

ನಾಚಿಕೆಯಾಗಿ ನಿಲ್ಲಿಸಿದೆ ಎಂದು ಹೇಳಬೇಕೆನಿಸುತ್ತದೆ. ನನ್ನ ದಿನಚರಿಯೂ ಹಾಗೆಯೇ ಹೇಳುತ್ತದೆ. ಆದರೆ ನನ್ನ ದಿನಚರಿಯಲ್ಲಿ ಎಲ್ಲ ವಾದಗಳನ್ನೂ ನಾನೇ ಗೆದ್ದಿದ್ದೇನೆ, ಎಲ್ಲ ಜಗಳಗಳನ್ನೂ ನಾನೇ ದೊಡ್ಡ ಮನಸ್ಸಿನಿಂದ ನಿಲ್ಲಿಸಿದ್ದೇನೆ. ಹಾಗಾಗಿ ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಗುಂಪಿನ ಹಳೆಯ ಸಂದೇಶಗಳನ್ನು ತಿರುವಿದರೆ ಅಕ್ಕನ ಆ ಸಾಲಿನ ಕೆಳಗೇ ನನ್ನ ಇನ್ನೊಂದು ಉದ್ದನೆಯ ಉಪನ್ಯಾಸವಿದೆ. ಹೀಗೆ ಎರಡು ಮಳೆಗಾಲ ಹೋಯಿತು. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ಬಂದು ಹೋದಳು. ಅಂಗಡಿಯವರು ಕೆಸರು ತೊಳೆದು ಮತ್ತೆ ಬಾಗಿಲು ತೆರೆದರು. ಬಿಸ್ಕತ್ತಿನ ಡಬ್ಬಿ ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಅಕ್ಕ ಇಬ್ಬರಿಗೂ ಸಿಟ್ಟಿನಿಂದ ಫೋನು ಮಾಡಿದರು. ವಲೇರಿಯನ್ ತನ್ನ ಯಂತ್ರದಲ್ಲಿ ಒಂದು ಕ್ಯಾಸೆಟ್ಟನ್ನು ಓಡಿಸಿ ಇದ್ದ ಹಾಗೆಯೇ ಪ್ರತಿ ಮಾಡಿದ. ಅದನ್ನೇ ಪಡೆದು ನಾನು ಶುದ್ಧಗೊಳಿಸಿದೆ. ಒಂದು ಆದಿತ್ಯವಾರ ಇಬ್ಬರೂ ಅಳದಂಗಡಿಯ ಅವರ ಮನೆಯ ಚಾವಡಿಯಲ್ಲಿ ಕುಳಿತೆವು. ಮುಖತಃ ನಾವು ಭೇಟಿಯಾದದ್ದು ಅದೇ ಮೊದಲು. ಬರಹದಲ್ಲಿ ಅಷ್ಟು ಎತ್ತರವಿದ್ದ ಮನುಷ್ಯ ನನ್ನ ಭುಜದಷ್ಟೇ ಇದ್ದ. ನನ್ನನ್ನು ನೋಡಿ ಅವನಿಗೂ ಏನೋ ಕಡಿಮೆ ಅನಿಸಿರಬೇಕು.

ಮೊದಲು ನನ್ನ ಪ್ರತಿ. ಅಕ್ಕ ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ಕೇಳಿದರು. ಒಂದೊಂದು ಶಬ್ದವೂ ಸ್ಪಷ್ಟ. ನಾನು ವಲೇರಿಯನ್ ಕಡೆ ನೋಡಿದೆ.

“ಮಾತೆಲ್ಲ ಗೊತ್ತಾಗ್ತದೆ,” ಎಂದರು ಅಕ್ಕ. “ಆದ್ರೆ ಅಪ್ಪ ಯಾಕೆ ಆಸ್ಪತ್ರೆಯಿಂದ ಮಾತಾಡಿದ ಹಾಗೆ ಉಂಟು?”

ವಲೇರಿಯನ್ ಗೆದ್ದ ಮುಖದಲ್ಲಿ ತನ್ನದನ್ನು ಹಾಕಿದ. ತಗಡಿನ ಮಾಡಿಗೆ ಬಡಿಯುವ ಮಳೆ, ಕೆಮ್ಮು, ಕುರ್ಚಿ ಎಳೆಯುವ ಸದ್ದು, ಅದರ ನಡುವೆ ಎಲ್ಲೋ ಒಂದು ಸ್ವರ. ಅಕ್ಕನ ಮುಖ ಅರಳಿತು, ಆಮೇಲೆ ಬಾಡಿತು. “ಇದ್ರಲ್ಲಿ ಅಪ್ಪ ಇದ್ದಾರೆ. ಏನು ಹೇಳ್ತಾರಂತ ನನಗೆ ಕೇಳುದಿಲ್ಲ.”

“ನೋಡಿದ್ಯಾ?” ಎಂದೆ ನಾನು.

“ಏನು ನೋಡುದು ಮಾರಾಯ? ಮಳೆಯನ್ನೇ ಅಳಿಸಿದವ ನೀನು!”

“ನೀನು ಮಾತನ್ನೇ ಮುಳುಗಿಸಿದವ!”

ಅಲ್ಲಿಂದ ಮುಂದೆ ಗುಂಪಿನಲ್ಲಿ ಬರೆದದ್ದನ್ನೇ ಬಾಯಿಯಲ್ಲಿ ಹೇಳತೊಡಗಿದೆವು. ಟೇಪಿನಲ್ಲೂ ಅದೇ ನಡೆಯುತ್ತಿತ್ತು, ಬಹಳ ಮೇಲಿನ ಮಟ್ಟದಲ್ಲಿ. ನೇಮಿರಾಜರದ್ದು ರಾಯಭಾರಿಯ ಪಾತ್ರ. ಎದುರು ಅರಸನಾಗಿ ಕುಳಿತವರು ಬೆಳ್ತಂಗಡಿಯಲ್ಲಿ ಹೋಟೆಲು ಇಟ್ಟಿದ್ದ ಶೆಟ್ರು. “ಕೇಳು ಅರಸ, ನಾನು ಬಂದವನಲ್ಲ, ಕಳುಹಿಸಲ್ಪಟ್ಟವನು. ಈ ನಾಲಗೆ ನನ್ನದಾದರೂ ಇದರ ಮೇಲಿನ ಮಾತು ನನ್ನದಲ್ಲ,” ಎಂದು ಆರಂಭಿಸಿದ ರಾಯಭಾರಿ, ಕೊನೆಗೆ ಅರಸನನ್ನು ಬೆಂಕಿಯಂಥ ಮಾತಿನಲ್ಲಿ ಶಪಿಸಿ ಎದ್ದಿದ್ದ. ಚಪ್ಪಾಳೆ ಬಿತ್ತು. ಅಲ್ಲಿಗೆ ನನ್ನ ಪ್ರತಿ ಮುಗಿಯುತ್ತಿತ್ತು. ಸದ್ದು ಇಳಿದಲ್ಲಿ ಕತ್ತರಿಸು ಎಂದು ಕಂಪ್ಯೂಟರಿಗೆ ಹೇಳಿದ್ದೆ. ವಲೇರಿಯನ್ನನ ಪ್ರತಿ ಓಡುತ್ತಲೇ ಇತ್ತು, ನಾವು ಜಗಳದಲ್ಲಿ ಅದನ್ನು ನಿಲ್ಲಿಸಲು ಮರೆತಿದ್ದೆವು.

“ಬಾಯಿ ಮುಚ್ಚಿ, ಇಬ್ರೂ!” ಎಂದರು ಅಕ್ಕ.

ಮಳೆ ಬಿಟ್ಟಿತ್ತು, ಟೇಪಿನಲ್ಲಿ. ಲೋಟಗಳ ಸದ್ದು. ಯಾರೋ ಮೈಕಿನ ಹತ್ತಿರವೇ ಕುಳಿತು ಚಾ ಊದಿ ಕುಡಿಯುತ್ತಿದ್ದರು. ಈಗ ಮಾತು ತುಳುವಿಗೆ ಇಳಿದಿತ್ತು. ನೇಮಿರಾಜರ ಸ್ವರ, ಬೆಂಕಿ ಆರಿ ಬರಿಯ ಮನುಷ್ಯನಾದ ಸ್ವರ, ಹೇಳುತ್ತಿತ್ತು: ಶೆಟ್ರೇ, ನನ್ನ ಮಾತಿನಲ್ಲಿ ಒಂದು ದೊಡ್ಡ ತೂತಿತ್ತು, ನೀವು ನೋಡಲಿಲ್ಲ. ನನ್ನ ಮಾತು ನನ್ನದಲ್ಲ ಅಂತ ಮೊದಲು ಹೇಳಿದೆ. ಆಮೇಲೆ ಅಷ್ಟು ಕೋಪ ಮಾಡಿಕೊಂಡೆ. ‘ಮಾತು ಕಳುಹಿಸಿದವನದ್ದು, ಸರಿ. ಆ ಕೋಪ ಯಾರದ್ದು?’ ಅಂತ ನೀವು ಕೇಳಿದ್ದರೆ ನಾನು ಅಲ್ಲಿಗೆ ಮುಗಿದಿದ್ದೆ.

ಆಮೇಲೆ ಶೆಟ್ರು ತೊಡೆ ತಟ್ಟಿ ನಕ್ಕ ಸದ್ದು. ಅಯ್ಯೋ ದೇವರೇ, ಕಣ್ಣೆದುರೇ ಇತ್ತಲ್ಲ!

“ಎಲ್ಲೆ ಅಲ್ಪ ಪತ್ತ್‌ಲೆ,” ಎಂದರು ನೇಮಿರಾಜರು. ನಾಳೆ ಅಲ್ಲಿ ಹಿಡಿಯಿರಿ. ನಾಳೆ ಮೂಡುಬಿದಿರೆಯಲ್ಲಿ ಇದೇ ಪ್ರಸಂಗ, ಇದೇ ಪಾತ್ರಗಳು.

ಹಿಡಿದರೆ ನೀವು ಏನು ಹೇಳ್ತೀರಿ ಎಂದು ಶೆಟ್ರು ಕೇಳಿದರು.

ನನಗೂ ಗೊತ್ತಿಲ್ಲ ಎಂದರು ನೇಮಿರಾಜರು, ಇನ್ನೊಂದು ಲೋಟ ಚಾ ಕೇಳಿದರು. ಟೇಪು ಮುಗಿಯಿತು.

ಎದುರಾಳಿಯ ಕೈಗೆ ತನ್ನದೇ ಕತ್ತಿಯನ್ನು ಕೊಟ್ಟು, ಇಲ್ಲಿ ಚುಚ್ಚಿ ಎಂದು ಎದೆ ತೋರಿಸಿ, ಗುರಾಣಿಯೂ ಇಲ್ಲ ಎಂದು ಹೇಳಿ ಚಾ ಕುಡಿಯುವ ಮನುಷ್ಯ! ಅದು ವಿನಯ ಎಂದು ನನಗೆ ಅನಿಸುವುದಿಲ್ಲ. ನೇಮಿರಾಜರು ವಿನಯಕ್ಕೆ ಹೆಸರಾದವರೂ ಅಲ್ಲ. ಭಾರಿ ಗತ್ತಿನ ಮನುಷ್ಯ, ಮೈಕು ಸರಿಯಿಲ್ಲದಿದ್ದರೆ ಎದ್ದು ಹೋಗುತ್ತಿದ್ದರಂತೆ. ಆ ಗತ್ತು ನಮ್ಮ ಗುಂಪಿನ ಗತ್ತಿನಂಥದ್ದಲ್ಲ, ಅಷ್ಟೇ. ಸೋಲು ಬಂದರೆ ಬರಲಿ, ನಾಳೆಯ ಕೂಟ ಇವತ್ತಿನದಕ್ಕಿಂತ ದೊಡ್ಡದಾಗಬೇಕು ಎನ್ನುವ ಗತ್ತು. ಅಂಥದ್ದು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಅಕ್ಕ ಕಣ್ಣು ಒರೆಸಿಕೊಂಡು ಕೇಳಿದರು, “ಮರುದಿನ ಶೆಟ್ರು ಹಿಡಿದ್ರಾ? ಅಪ್ಪ ಏನು ಹೇಳಿದ್ರು?”

ವಲೇರಿಯನ್ ಡಬ್ಬಿಗೆ ಕೈಹಾಕಿ ‘ಮೂಡುಬಿದಿರೆ’ ಎಂಬ ನೀಲಿ ಶಾಯಿಯ ಕ್ಯಾಸೆಟ್ಟನ್ನು ತೆಗೆದ. ಬೆಳಕಿಗೆ ಹಿಡಿದ. ಪೆನ್ಸಿಲು ತೂರಿಸಿ ಮೆಲ್ಲಗೆ ತಿರುಗಿಸಲು ನೋಡಿದ. ಚಕ್ರ ಅಲುಗಲಿಲ್ಲ. ಆ ಎರಡು ಮಳೆಗಾಲಕ್ಕಿಂತ ಮೊದಲೇ ಅದು ಹಾಳಾಗಿತ್ತು ಎಂದು ಅವನು ಈಗಲೂ ಹೇಳುತ್ತಾನೆ. ನನ್ನ ಸಮಾಧಾನಕ್ಕೆ ಹೇಳುತ್ತಾನೋ, ತನ್ನ ಸಮಾಧಾನಕ್ಕೋ, ನಿಜಕ್ಕೂ ಹಾಗೆಯೋ, ನಾನು ಕೇಳಿಲ್ಲ. ಅವತ್ತು ಅಕ್ಕ ಬಯ್ಯಲಿಲ್ಲ. “ಇರ್ಲಿ, ಅದನ್ನೂ ಒಮ್ಮೆ ನೋಡಿ,” ಎಂದು ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟು ಚಾ ಮಾಡಲು ಒಳಗೆ ಹೋದರು. ಬಾಗಿಲವರೆಗೆ ಹೋಗಿ ತಿರುಗಿ, “ಈ ಕೊನೆಯದ್ದನ್ನು ಇನ್ನೊಮ್ಮೆ ಹಾಕಿ, ಜೋರಾಗಿ,” ಎಂದರು.

ಇನ್ನು ಮೊನ್ನೆಯ ಜಗಳ. ವಲೇರಿಯನ್ ಗುಂಪಿನಲ್ಲಿ ಒಂದು ಹೊಸ ಮಾತು ತಂದಿದ್ದ. ಈಗಿನ ಯಂತ್ರಕ್ಕೆ ನೇಮಿರಾಜರ ಧ್ವನಿಯನ್ನೂ ಮಾತಿನ ಓಟವನ್ನೂ ಕಲಿಸಿದರೆ, ಮೂಡುಬಿದಿರೆಯಲ್ಲಿ ಅವರು ಕೊಟ್ಟಿರಬಹುದಾದ ಉತ್ತರವನ್ನು ಅವರ ಸ್ವರದಲ್ಲೇ ಹೇಳಿಸಬಹುದಂತೆ. ಒಂದು ಸದ್ದನ್ನೂ ಮುಟ್ಟಬಾರದು ಎಂದಿದ್ದ ಅದೇ ವಲೇರಿಯನ್! ಮಳೆಯನ್ನೇ ಅಳಿಸಿದ್ದ ನಾನು ‘ಸತ್ತವರ ಧ್ವನಿಯನ್ನು ಮುಟ್ಟುವುದು ಅನಾಚಾರ’ ಎಂದು ಗುಡುಗಿದ್ದೆ. ಬಣಗಳಾದವು. ಮತ್ತೆ ಒಬ್ಬರು ಇನ್ನೊಬ್ಬರ ವಿದ್ಯಾಭ್ಯಾಸದವರೆಗೆ ಹೋದರು.

ಸುಮತಿ ಅಕ್ಕನಿಗೆ ಈಗ ಫೋನಿನ ಮಾತು ಕೇಳುವುದಿಲ್ಲ, ಬರೆಯುತ್ತಾರೆ. ಗುಂಪಿನಲ್ಲಿ ಬರೆಯದೆ ನನಗೊಬ್ಬನಿಗೇ ಬರೆದಿದ್ದರು: ‘ಅಪ್ಪನಿಗೇ ಗೊತ್ತಿರಲಿಲ್ಲ, ಯಂತ್ರಕ್ಕೆ ಗೊತ್ತುಂಟಾ? ಆದರೆ ಕೇಳುವ ಆಸೆ ಉಂಟು. ನೀವೂ ವಲೇರಿಯನ್ನೂ ನೋಡಿ ಹೇಳಿ.’ ನಾನು ಮೊದಲ ವಾಕ್ಯವನ್ನು ಮಾತ್ರ ಕತ್ತರಿಸಿ, ಅಕ್ಕನ ಹೆಸರು ಹಾಕಿ, ಗುಂಪಿಗೆ ಎಸೆಯಲು ಸಿದ್ಧನಾಗಿದ್ದೆ. ಅದು ಬಿದ್ದರೆ ವಾದ ನಾನು ಗೆದ್ದಂತೆಯೇ. ಬ್ಯಾಟರಿ ಕೆಂಪಾದದ್ದು, ನಾನು ಖಾನೆ ಎಳೆದದ್ದು, ವಾಸನೆ ಬಂದದ್ದು ಆಗ.

ಕ್ಯಾಸೆಟ್ಟು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ. ಚಾರ್ಜರ್ ಸಿಕ್ಕಿತು. ಕತ್ತರಿಸಿಟ್ಟದ್ದನ್ನು ಅಳಿಸಿದೆ. ‘ಅಕ್ಕ, ನೀವು ಬರೆದದ್ದನ್ನು ಪೂರ್ತಿ ಗುಂಪಿಗೆ ಹಾಕಲಾ?’ ಎಂದು ಕೇಳಿದೆ. ‘ಪೂರ್ತಿಯಾದ್ರೆ ಹಾಕಿ,’ ಎಂದರು. ಹಾಕಿದೆ. ಅದರ ಕೆಳಗೆ ಬರೆದೆ: ‘ವಲೇರಿಯನ್, ನನ್ನ ವಾದದಲ್ಲಿ ಒಂದು ತೂತು ಉಂಟು, ನೀನು ನೋಡಲಿಲ್ಲ. ಸತ್ತವರ ಧ್ವನಿಯನ್ನು ಯಂತ್ರ ಮುಟ್ಟಬಾರದು ಅಂತ ಹೇಳುವ ನಾನೇ ಅದನ್ನು ತೊಳೆದು, ತುದಿ ಕತ್ತರಿಸಿ ಕೊಟ್ಟವ. ಎಲ್ಲೆ ಅಲ್ಪ ಪತ್ತ್‌ಲೆ.’

ವಲೇರಿಯನ್ ಬರೆಯುತ್ತಿದ್ದಾನೆ ಎಂಬ ಗುರುತು ಮೂಡಿತು, ಅಳಿಯಿತು, ಮತ್ತೆ ಮೂಡಿತು.

‘ಈಗಲೇ ಹಿಡಿದಿದ್ದೇನೆ ಅಂತ ಇಟ್ಟುಕೋ. ಏನು ಹೇಳ್ತೀ?’

‘ನನಗೂ ಗೊತ್ತಿಲ್ಲ,’ ಎಂದು ಬರೆದು ಒತ್ತಿದೆ. ಇಷ್ಟು ವರ್ಷಗಳಲ್ಲಿ ಆ ಗುಂಪಿನಲ್ಲಿ ಯಾರೂ ಬರೆಯದ ವಾಕ್ಯ ಅದು ಎಂದು ನನ್ನ ನಂಬಿಕೆ. ನನ್ನ ನೆನಪಿನ ಮೇಲೆ ಭಾರ ಹಾಕಿ ಹೇಳಲಾರೆ.

ಅವನ ಉತ್ತರ ಬಂತು. ‘ಆದಿತ್ಯವಾರ ಅಕ್ಕನಲ್ಲಿಗೆ ಹೋಗುವ. ಕೂತು ಮಾತಾಡುವ. ಆ ಕ್ಯಾಸೆಟ್ಟು ತಾ, ಇನ್ನೊಮ್ಮೆ ನೋಡ್ತೇನೆ.’