ಹಮೂರಿನ ಕಿವಿಕಲ್ಲು

ಅವರ ಬಲ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಿತ್ತು. ಮೀನಿನ ತಲೆ ಬಿಡಿಸಲಿಕ್ಕೆಂದೇ ಬೆಳೆಸಿದ್ದು. ಅರಿಶಿನ ಹತ್ತಿ ಸದಾ ಹಳದಿ. ಕೊಲ್ಲಿ ದೇಶದ ಈ ಬಿನ್ ಒಮ್ರಾನ್ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು, ಹೆಂಡತಿ ಉಡುಪಿಯಲ್ಲಿ. ನನ್ನ ಮಗಳು ಅವರನ್ನು ಮಾಮ ಎಂದಳು, ನಮಗೆಲ್ಲ ಅದೇ ರೂಢಿಯಾಯಿತು.

ಶುಕ್ರವಾರ ಮಧ್ಯಾಹ್ನದ ಊಟ ನಮ್ಮಲ್ಲೇ. ಮೆಸ್ಸುಗಳಿಗೆ ಮೀನು ಒದಗಿಸುವುದು ನನ್ನ ವ್ಯಾಪಾರ, ಇಲ್ಲಿನ ಹಮೂರು ಮೀನಿನ ತಲೆಗೆ ಬರವಿಲ್ಲ. ಆ ತಲೆ ಅವರ ಬಟ್ಟಲಿಗೆ. ಚೀಪಿ ಮುಗಿಸಿದ ಮೇಲೆ ಬುರುಡೆ ಬಿಡಿಸಿ, ಹುಣಸೆಬೀಜದ ಅರ್ಧದಷ್ಟಿರುವ ಎರಡು ಬಿಳಿ ಕಲ್ಲು ತೆಗೆಯುತ್ತಿದ್ದರು. ಮೀನಿನ ಕಿವಿಕಲ್ಲು. ಒದ್ದೆ ಮರಳುಕಾಗದದ ಮೇಲೆ ತಿಕ್ಕಿ ಭೂತಗನ್ನಡಿ ಹಿಡಿದರೆ ಒಳಗೆ ಉಂಗುರಗಳು, ವರ್ಷಕ್ಕೊಂದು.

"ಎಷ್ಟು ಮಾಮ?"

"ನೀನೇ ಎಣಿಸು."

"ಮೂರು!"

"ಮೂರೇ? ಧಣಿ, ಶಾಲೆಗೆ ಹೋಗುವ ಪ್ರಾಯದವನ್ನು ಮಾರ್ತೀರಲ್ಲ ಮಾರಾಯ್ರೆ."

"ನೀವು ತಿನ್ನುವುದು ಬಿಡಿ, ನಾನು ಮಾರುವುದು ಬಿಡ್ತೇನೆ."

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. ಕಲ್ಲುಗಳನ್ನು ಕಾಗದದಲ್ಲಿ ಮಡಚಿ, ಮೇಲೆ ಮಗಳಿಂದ ತಾರೀಕು, ಪ್ರಾಯ ಬರೆಸಿ, ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಊರಿನಲ್ಲಿ ಅವರು ಓದಿದ್ದು ಕಡಲಜೀವಶಾಸ್ತ್ರ. ಇಲ್ಲಿ ಮೊದಲಿನ ಕಂಪನಿ ಮುಚ್ಚಿದಾಗ ಕೊಳಚೆ ನೀರು ಪರೀಕ್ಷಿಸುವ ಲ್ಯಾಬಿಗೆ ಸೇರಿಸಿದವನು ನಾನು.

ಹನ್ನೆರಡನೆಯದು ಮುಗಿಸಿದ ಮಗಳಿಗೆ ಮಂಗಳೂರಿನ ಕಡೆಯ ಕಾಲೇಜಿನಲ್ಲಿ ಅದೇ ಓದಿಗೆ ಸೀಟು ಸಿಕ್ಕಿತು. ಒಪ್ಪಿಗೆ ಕಳಿಸಲು ಮೂರು ದಿನ. ಈ ದೇಶದಲ್ಲಿ ಕಡಲಿಗೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸುವವನಿಗೆ ಸಂಬಳ, ಕಡಲು ನೋಡುತ್ತ ಕೂರುವವಳಿಗೆ ಏನು? ಬೈದೆ, ಅವಳು ಜಗ್ಗಲಿಲ್ಲ. ಚೌಕಾಸಿಯಲ್ಲಿ ನಾನು ಕಲಿತದ್ದು ಒಂದು: ಎದುರಿನವರು ಬಗ್ಗದಿದ್ದರೆ ಅವರು ನಂಬಿದವನ ಬಾಯಿಂದ ಹೇಳಿಸಬೇಕು. ಮೇಲಿನ ಮಹಡಿಗೆ ಹತ್ತಿದೆ.

"ಆ ಓದಿನಿಂದ ಏನೂ ಆಗುವುದಿಲ್ಲ ಅಂತ ನೀವು ಹೇಳಿ, ಕೇಳ್ತಾಳೆ."

"ನನ್ನ ಬಾಯಲ್ಲಿ ಹೇಳಿಸ್ತೀರಾ ಧಣಿ?"

"ನಿಮ್ಮ ಈ ಕೆಲಸಕ್ಕೆ ನಾನು ಎಷ್ಟು ಆಫೀಸು ಹತ್ತಿಳಿದಿದ್ದೇನೆ, ಗೊತ್ತುಂಟಲ್ಲ?"

ಕೈಯಲ್ಲಿದ್ದ ಮರಳುಕಾಗದವನ್ನು ಅವರು ಮಡಚಿದರು, ಮತ್ತೆ ಮಡಚಿದರು. "ಗೊತ್ತುಂಟು. ಯಲ್ಲಾ, ನಡೀರಿ."

ನಮ್ಮ ಊಟದ ಮೇಜಿನಲ್ಲೇ, ನನ್ನೆದುರೇ ಹೇಳಿದರು. "ಮಗಾ, ನನ್ನನ್ನು ನೋಡು. ಕಡಲು ಓದಿದವ ದಿನಾ ಚರಂಡಿ ನೀರಿನ ಬಾಟಲಿ ಅಲ್ಲಾಡಿಸ್ತೇನೆ. ಅದು ಬೇಡ ನಿನಗೆ."

"ಓದಿದ್ದಕ್ಕೆ ನಿಮಗೆ ಬೇಸರ ಉಂಟಾ ಮಾಮ?"

ಒಮ್ಮೆ ನನ್ನ ಕಡೆ ನೋಡಿದರು. "ಉಂಟು."

ಅವಳು ಸೀಟು ಬಿಟ್ಟು ಇಲ್ಲಿಯೇ ಬಿ.ಕಾಂ. ಸೇರಿದಳು. ಖಲಾಸ್, ಇಷ್ಟು ಸಲೀಸಾದ ಚೌಕಾಸಿ ನಾನು ಮಾಡಿದ್ದೇ ಇಲ್ಲ ಎಂದುಕೊಂಡೆ.

ಮುಂದಿನ ಶುಕ್ರವಾರವೂ ಬಂದರು. ತಲೆಯ ಬಟ್ಟಲನ್ನು ನನ್ನ ಹೆಂಡತಿಯ ಕಡೆಗೆ ಸರಿಸಿ, "ನಡುತುಂಡು ಸಾಕಕ್ಕ," ಎಂದರು. ಅನ್ನ ಕಲಸುವಾಗ ನೋಡಿದೆ: ಹೆಬ್ಬೆರಳಿನ ಉಗುರನ್ನು ಬುಡದವರೆಗೂ ಕತ್ತರಿಸಿದ್ದರು.

ಆ ಚಳಿಗಾಲದಲ್ಲಿ ಲ್ಯಾಬಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಕಾಗದಪತ್ರ ಮಾಡಿಸಿ ದೇಹವನ್ನು ಊರಿಗೆ ಕಳಿಸಿದೆ. ಅಂಥ ಓಡಾಟ ನನಗೆ ಬರುತ್ತದೆ. ಕೋಣೆ ಖಾಲಿ ಮಾಡಲು ಮಗಳೂ ಬಂದಿದ್ದಳು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕಿವಿಕಲ್ಲಿನ ಪೊಟ್ಟಣಗಳು ಸಾಲಾಗಿದ್ದವು, ಎಲ್ಲದರ ಮೇಲೂ ಅವಳ ಅಕ್ಷರ. ಕೊನೆಯದು, ಆ ಮಾತು ಹೇಳಿಸಲು ನಾನು ಮೇಲೆ ಹತ್ತಿದ್ದಕ್ಕೆ ಮುಂಚಿನ ಶುಕ್ರವಾರದ್ದು.

"ಬೇಸರ ಉಂಟು ಅಂದಿದ್ರಲ್ಲ ಅಪ್ಪ," ಎಂದಳು. "ಮತ್ತೆ ಇದನ್ನೆಲ್ಲ ಯಾಕೆ ಇಟ್ಕೊಂಡ್ರು?"

ನಾನು ಡಬ್ಬಿಯ ಮುಚ್ಚಳ ಒತ್ತಿ ಅವಳ ಕೈಗೆ ಕೊಟ್ಟೆ, ಅಷ್ಟೆ.

ಮಕ್ಕಳಿರುವವರಿಗೆ ನನ್ನದೊಂದು ಸಲಹೆ. ಮಕ್ಕಳ ಜೊತೆ ಜಗಳವಾಡಬೇಕೆಂದಿದ್ದರೆ ನೀವೇ ಆಡಿ, ಸೋತರೂ ಚಿಂತೆಯಿಲ್ಲ. ನಿಮ್ಮ ಋಣದಲ್ಲಿರುವವರ ಬಾಯಿಂದ ಆಡಿಸಬೇಡಿ.

ಆ ಮಾತು ನಾನು ಹೇಳಿಸಿದ್ದೆಂದು ಮಗಳಿಗೆ ಇನ್ನೂ ಹೇಳಿಲ್ಲ. ಅವಳು ಇಲ್ಲಿನ ಇಂಗ್ಲಿಷ್ ಶಾಲೆಯಲ್ಲಿ ಬೆಳೆದವಳು, ಕನ್ನಡ ಓದಲು ಬರುವುದಿಲ್ಲ. ಈ ಬರಹವನ್ನು ನಾನೇ ಅವಳೆದುರು ಕೂತು ಓದಿ ಹೇಳಬೇಕು.